ಸೊಟ್ಟ ತುಟಿಯ ಯಾಳಿ

ನಿಮ್ಮ ಮುತ್ತಜ್ಜಿಯ ಮುತ್ತಜ್ಜಿಗೂ ನೆನಪಿಲ್ಲದಷ್ಟು ಹಿಂದೆ ಸುರಗಿ ಎಂಬ ಒಂದು ರಾಜ್ಯವಿತ್ತು. ಅಲ್ಲಿ ನೇಯುವವರು, ಮಡಕೆ ಮಾಡುವವರು, ಮರ ಕೆತ್ತುವವರು, ಹಾಡು ಕಟ್ಟುವವರು ಬೀದಿ ತುಂಬ ಇದ್ದರು. ಆ ರಾಜ್ಯಕ್ಕೆ ಒಂದು ವಿಶೇಷವಿತ್ತು. ಯಾರಾದರೂ ಒಂದು ಕೆಲಸವನ್ನು ನೋಡಿ ಮನಸಾರೆ ಮೆಚ್ಚಿದರೆ, ಮೆಚ್ಚಿದ ಮಾತು ಪುಟ್ಟ ಹಕ್ಕಿಯಾಗಿ ಅವರ ಬಾಯಿಂದ ಹೊರಗೆ ಹಾರುತ್ತಿತ್ತು. ಸುಮ್ಮನೆ ಬಾಯುಪಚಾರಕ್ಕೆ ಹೊಗಳಿದರೆ ಹಕ್ಕಿ ಬರುತ್ತಿರಲಿಲ್ಲ, ಬರೀ ಗಾಳಿ ಬರುತ್ತಿತ್ತು. ಹಾಗಾಗಿ ಅಲ್ಲಿ ಯಾರೂ ಯಾರಿಗೂ ಬೆಣ್ಣೆ ಹಚ್ಚುವಂತಿರಲಿಲ್ಲ.

ಹಕ್ಕಿ ನೇರವಾಗಿ ಆ ಕೆಲಸ ಮಾಡಿದವರ ಹತ್ತಿರ ಹೋಗಿ, ಮೆಚ್ಚಿದವರ ದನಿಯಲ್ಲೇ ಅವರ ಮಾತನ್ನು ಇನ್ನೊಮ್ಮೆ ಹೇಳುತ್ತಿತ್ತು. ಮಾಡಿದವರು ಸೆರಗನ್ನೋ ವಲ್ಲಿಯನ್ನೋ ಒಡ್ಡಿ ಹಿಡಿದರೆ ಅದರಲ್ಲಿ ಕೂತು ಕರಗಿಬಿಡುತ್ತಿತ್ತು. ಕರಗಿದ ಕೂಡಲೇ ಆ ಕೆಲಸಕ್ಕೆ ಜೀವ! ಮಡಕೆ ತಾನೇ ಬಾವಿಗೆ ಹೋಗಿ ನೀರು ತರುತ್ತಿತ್ತು. ಜಮಖಾನೆ ನೆಂಟರನ್ನು ಕಂಡರೆ ತಾನೇ ಹಾಸಿಕೊಳ್ಳುತ್ತಿತ್ತು. ಒಂದೇ ಒಂದು ಹಕ್ಕಿಯನ್ನು ತೆಗೆದುಕೊಂಡರೂ ಸಾಕು, ಆ ವಸ್ತು ಮಾಡಿದವರ ಮಾತನ್ನು ಬಿಟ್ಟು ಇನ್ನಾರ ಮಾತನ್ನೂ ಕೇಳುತ್ತಿರಲಿಲ್ಲ.

ಇಷ್ಟು ಚೆಂದದ ಏರ್ಪಾಡಿದ್ದರೂ ಸುರಗಿಯ ಜನರಿಗೆ ಒಂದು ಚಾಳಿಯಿತ್ತು. ಊಟಕ್ಕೆ ಕೂತಾಗ ಎಲೆಗೆ ಕೈ ಅಡ್ಡ ಹಿಡಿದು 'ಸಾಕು ಸಾಕು' ಎನ್ನುತ್ತಲೇ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತೇವಲ್ಲ, ಹಾಗೆ. ಹಕ್ಕಿ ಬಂದ ತಕ್ಷಣ ಸೆರಗೊಡ್ಡಿದರೆ ಮರ್ಯಾದೆಗೆಟ್ಟವರು ಎಂದುಕೊಂಡಾರೆಂದು ಅವರು ಮೊದಲ ಸಲ 'ಹುಷ್' ಎಂದು ಅದನ್ನು ಓಡಿಸುತ್ತಿದ್ದರು. ಅದು ತಿರುಗಿ ಬಂದಾಗ ಇನ್ನೊಮ್ಮೆ ಓಡಿಸುತ್ತಿದ್ದರು. ಮೂರನೆಯ ಸಲ, ನಿಮ್ಮ ಬಲವಂತಕ್ಕೆ ಎಂಬಂತೆ ತೆಗೆದುಕೊಳ್ಳುತ್ತಿದ್ದರು. ಆದರೆ ಮೂರನೆಯ ಸಲವೂ ಓಡಿಸಿಬಿಟ್ಟರೆ ಹಕ್ಕಿ ಮುನಿಸಿಕೊಂಡು ಊರಾಚೆಗೆ ಹಾರಿಹೋಗುತ್ತಿತ್ತು.

ಊರಾಚೆಯಲ್ಲಿ ಬಲೆರಾಯ ಕಾದು ಕೂತಿರುತ್ತಿದ್ದ.

ಬಲೆರಾಯ ಮಾಂತ್ರಿಕ. ಅವನಿಗೆ ಒಂದು ಕಡ್ಡಿ ಕೆತ್ತಲೂ ಬರುತ್ತಿರಲಿಲ್ಲ, ಒಂದು ಸಾಲು ಹಾಡಲೂ ಬರುತ್ತಿರಲಿಲ್ಲ. ಬರುತ್ತಿದ್ದುದು ಬಲೆ ಬೀಸುವುದೊಂದೇ. ಯಾವ ಕೆಲಸದ ಹಕ್ಕಿಗಳು ಅವನ ಬಲೆಗೆ ಬೀಳುತ್ತಿದ್ದವೋ ಆ ಕೆಲಸ ಅವನ ಪಾಲು. ಜನ ನೋಡುನೋಡುತ್ತಿದ್ದಂತೆ ಕುಂಬಾರರ ಹಂಡೆ ಬೀದಿಯಲ್ಲಿ ಉರುಳಿಕೊಂಡು ಅವನ ಬೆಟ್ಟದ ಕಡೆ ಹೊರಟುಬಿಡುತ್ತಿತ್ತು. ಅವನು ಮಾತ್ರ ಯಾವುದನ್ನೂ ಎಂದೂ ಮೆಚ್ಚಿದವನಲ್ಲ. ಜೇನುತುಪ್ಪ ನೆಕ್ಕಿದರೂ 'ಹೂಂ, ಪರವಾಗಿಲ್ಲ' ಎನ್ನುವ ಆಸಾಮಿ.

ಅವನ ಕಾಟ ತಡೆಯಲಾರದೆ ರಾಜ ಭೀಮರಸ, ಕೋಟೆಯ ಬಾಗಿಲಿಗೆ ಒಂದು ಯಾಳಿಯನ್ನು ಕೆತ್ತಿಸಲು ನಿಶ್ಚಯಿಸಿದ. ಯಾಳಿ ಎಂದರೆ ಸಿಂಹದ ಮೈ, ಆನೆಯ ಸೊಂಡಿಲು ಇರುವ ಮೃಗ. ಜೀವ ಬಂದರೆ ಒಂದು ಸೈನ್ಯಕ್ಕೆ ಸಮ. ಕೆಲಸ ಮೋನವ್ವನ ಪಾಲಿಗೆ ಬಂತು. ಅವಳು ತೀರಿಕೊಂಡ ಕಾಳಾಚಾರಿಯ ಕಿರಿಮಗಳು. ಅಪ್ಪನ ಹತ್ತಿರವೇ ಉಳಿ ಹಿಡಿಯಲು ಕಲಿತವಳು. ಬಣ್ಣ ಹಚ್ಚುವುದು ಅವಳ ಅಕ್ಕ ದೇವಕ್ಕನ ಕೆಲಸ. ಇಬ್ಬರೂ ಒಂದೇ ಮನೆ, ಒಂದೇ ಒಲೆ, ಸ್ವಭಾವ ಮಾತ್ರ ಉತ್ತರ ದಕ್ಷಿಣ. ದೇವಕ್ಕನ ಬಣ್ಣವನ್ನು ಯಾರಾದರೂ ಹೊಗಳಿದರೆ, "ಅಲ್ವಾ! ನಂಗೂ ಹಾಗೇ ಅನ್ನಿಸ್ತು!" ಎಂದು ಸೆರಗು ಹರಡಿ ನಿಲ್ಲುತ್ತಿದ್ದಳು. ಮೋನವ್ವ ಹಕ್ಕಿ ಕಂಡರೆ ಚೇಳು ಕಂಡವಳಂತೆ ಹಿಂದೆ ಸರಿಯುತ್ತಿದ್ದಳು.

ಯಾಳಿ ಚೆನ್ನಾಗಿಯೇ ಬರುತ್ತಿತ್ತು. ಪಂಜ ಬಂತು, ಕೇಸರ ಬಂತು, ಸೊಂಡಿಲು ಬಂತು. ಕೊನೆಯಲ್ಲಿ ಬಾಯಿ. ಲೋಕವೇ ನಡುಗುವಂತೆ ಗರ್ಜಿಸುವ ಬಾಯಿ ಕೆತ್ತಬೇಕೆಂದು ಮೋನವ್ವ ಉಳಿ ಇಟ್ಟಳು. ಮರದೊಳಗೆ ಒಂದು ಗಂಟು ಅಡಗಿತ್ತು. ಉಳಿ ಜಾರಿತು. ಮೇಲ್ದುಟಿಯ ಒಂದು ತುದಿ ಮೇಲಕ್ಕೆ ಸೊಟ್ಟಗಾಯಿತು. ಗರ್ಜಿಸಬೇಕಾದ ಯಾಳಿ, ಯಾರೋ ಬೇಕಾದವರು ಮನೆಗೆ ಬಂದಿದ್ದಾರೆ ಎಂಬಂತೆ ನಗತೊಡಗಿತು.

"ಹಾಳಾಯ್ತು! ಎಲ್ಲಾ ಹಾಳಾಯ್ತು ಅಕ್ಕಾ!" ಎಂದು ಮೋನವ್ವ ತಲೆಯ ಮೇಲೆ ಕೈ ಹೊತ್ತು ಕೂತಳು.

"ಎಲ್ಲಿ ಹಾಳಾಗಿದೆ? ಎಷ್ಟು ಮುದ್ದಾಗಿದೆ ನೋಡೇ," ಎಂದಳು ದೇವಕ್ಕ.

"ಯಾಳಿ ಮುದ್ದಾಗಿರಬಾರದು ಅಕ್ಕಾ!"

ಸರಿಮಾಡಲು ಸಮಯವಿರಲಿಲ್ಲ. ಮರುದಿನ ಬೆಳಗ್ಗೆಯೇ ಅರಸ ಬಂದ, ಊರಿಗೆ ಊರೇ ಬಂತು. ದೇವಕ್ಕ ಯಾಳಿಯ ಬೆನ್ನೇರಿ, ಹೊದಿಸಿದ್ದ ಬಟ್ಟೆಯನ್ನು ಸರ್ರನೆ ಎಳೆದಳು.

ಆಮೇಲೆ ಶುರುವಾಯಿತು ನೋಡಿ! "ಆಹಾ!" ಎಂದಿತು ಒಂದು ಬಾಯಿ. "ಎಂಥಾ ನಗು!" ಎಂದಿತು ಇನ್ನೊಂದು. ಬಾಯಿಬಾಯಿಯಿಂದಲೂ ಹಕ್ಕಿಗಳು ಎದ್ದವು. ಹಳದಿ, ಹಸಿರು, ಕೆಂಪು, ಊದಾ ಹಕ್ಕಿಗಳು ಆಕಾಶ ಕಾಣದಷ್ಟು ದಟ್ಟವಾಗಿ ಮೋನವ್ವನ ಕಡೆಗೆ ಹಾರಿ ಬಂದವು.

"ಹುಷ್! ಹುಷ್! ಆ ತುಟಿ ನೋಡಿದ್ರಾ? ಸೊಟ್ಟ ಆಗಿದೆ. ನೀವು ಸರಿಯಾಗಿ ನೋಡಿಲ್ಲ," ಎಂದಳು ಮೋನವ್ವ.

ಹಕ್ಕಿಗಳು ಒಂದು ಸುತ್ತು ಹಾಕಿ ತಿರುಗಿ ಬಂದವು.

"ಎಡಗಿವಿನೂ ದೊಡ್ಡದಾಗಿದೆ. ಹೋಗಿ, ಹೋಗಿ!"

ಮೂರನೆಯ ಸಲ ಬಂದವು. ಜನರೆಲ್ಲ, "ಈಗ ತಗೋ ಮೋನವ್ವ! ಸೆರಗು ಒಡ್ಡು!" ಎಂದು ಕೂಗಿದರು. ದೇವಕ್ಕ ಮೇಲಿನಿಂದ, "ಮೋನೀ, ಸೆರಗು ಹಿಡಿಯೇ, ಬಡ್ಡಿಮಗಳೇ!" ಎಂದು ಅರಚಿದಳು. ಮೋನವ್ವ ತುಟಿಯನ್ನೊಮ್ಮೆ ನೋಡಿದಳು. ಅವಳಿಗೆ ಅಳುವೇ ಬಂತು. ಎರಡೂ ಕೈ ಬೀಸಿ ಹಕ್ಕಿಗಳನ್ನೆಲ್ಲ ಓಡಿಸಿಬಿಟ್ಟಳು.

ಹಕ್ಕಿಗಳು ಕೋಟೆ ದಾಟುವುದೇ ತಡ, ಮೋಡದಷ್ಟು ಅಗಲದ ಬಲೆಯೊಂದು ಅವನ್ನು ಬಾಚಿಕೊಂಡಿತು. ಬಲೆರಾಯ ಗಾಳಿಯಲ್ಲಿ ತೇಲುತ್ತ ಬಂದು ಯಾಳಿಯ ಕತ್ತಿನ ಮೇಲೆ ಕೂತ. ಯಾಳಿ ಕಣ್ಣು ಬಿಟ್ಟಿತು. ಬಲೆರಾಯ ಬಲಕ್ಕೆ ಎಂದರೆ ಬಲಕ್ಕೆ, ಎಡಕ್ಕೆ ಎಂದರೆ ಎಡಕ್ಕೆ ತಿರುಗಿತು.

"ಸುರಗಿಯ ಮಹಾರಾಜರೇ, ಉಪಕಾರವಾಯಿತು!" ಎಂದು ಅವನು ಗಹಗಹಿಸಿದ. "ನಾಳೆ ಸೂರ್ಯ ಮುಳುಗುವಾಗ ಇದೇ ಮೃಗದ ಮೇಲೆ ಬಂದು ನಿಮ್ಮ ಕೋಟೆಯನ್ನು ಪುಡಿಮಾಡುತ್ತೇನೆ. ಬೆನ್ನ ಮೇಲಿರುವ ಈ ಬಣ್ಣದವಳು ಬದುಕಿಡೀ ನನ್ನ ಅರಮನೆಗೆ ಸುಣ್ಣ ಬಳಿದುಕೊಂಡಿರಲಿ!"

ಯಾಳಿ ಒಂದೇ ನೆಗೆತಕ್ಕೆ ಕೋಟೆಗೋಡೆ ಹಾರಿತು. "ಮೋನೀ!" ಎಂಬ ದೇವಕ್ಕನ ಕೂಗು ದೂರವಾಗುತ್ತ ಹೋಗಿ ನಿಂತುಹೋಯಿತು.

ಮೋನವ್ವನ ಎದೆ ಒಡೆದುಹೋಯಿತು. ಅರಸನ ಕಾಲಿಗೆ ಬಿದ್ದು, "ತಪ್ಪು ನನ್ನದು ಪ್ರಭು. ಸೈನ್ಯ ಕಳಿಸಿ," ಎಂದಳು.

ಭೀಮರಸ ಅವಳನ್ನು ಎಬ್ಬಿಸಿದ. "ಸೈನ್ಯ ಹೋಗಿ ಏನು ಮಾಡೀತು ಮಗಳೇ? ಆ ಮೃಗ ಅವನ ಮಾತು ಕೇಳುತ್ತದೆ, ಇಲ್ಲವೇ ನಿನ್ನ ಮಾತು. ಒಂದು ಹಕ್ಕಿ, ಒಂದೇ ಒಂದು ಹಕ್ಕಿಯನ್ನಾದರೂ ನೀನು ತೆಗೆದುಕೊಂಡರೆ ಅದು ನಿನ್ನದು. ನೀನೇ ಹೋಗಬೇಕು."

ಮೋನವ್ವ ಉಳಿ, ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಅರಸನ ಕುದುರೆಯೇರಿ ಹೊರಟಳು. ಹಗಲೂ ಇರುಳೂ ಕುದುರೆ ಓಡಿಸಿದಳು, ಮರುದಿನ ಬೆಳಕು ಹರಿಯುವಾಗ ಒಂದು ದೊಡ್ಡ ಹೊಳೆಯ ದಡದಲ್ಲಿ ಇಳಿದು ಕುದುರೆಯನ್ನು ಮೇಯಲು ಬಿಟ್ಟಳು. ಹೊಳೆಯ ಆಚೆ ಬಲೆರಾಯನ ಬೆಟ್ಟ. ಹೊಳೆಯಲ್ಲಿ ದೋಣಿಯಷ್ಟು ಉದ್ದದ ಮೊಸಳೆ.

"ಮೊಸಳೆಯಣ್ಣ, ನನ್ನನ್ನು ಆಚೆ ದಾಟಿಸ್ತೀಯಾ?"

"ತಿಂದರೂ ತಿನ್ನಬಹುದು, ದಾಟಿಸಿದರೂ ದಾಟಿಸಬಹುದು," ಎಂದಿತು ಮೊಸಳೆ. "ಆದರೆ ಬೆನ್ನು ನವೆ ಹುಡುಗೀ! ಹುಟ್ಟಿದಾಗಿನಿಂದ ನವೆ! ನನ್ನ ಕೈ ಗಿಡ್ಡ, ಬೆನ್ನು ಮುಟ್ಟುವುದಿಲ್ಲ. ತುರಿಸಿಕೊಳ್ಳಲು ಏನಾದರೂ ಮಾಡಿಕೊಡು."

ಮೋನವ್ವ ದಡದ ಮರದಿಂದ ಒಂದು ಕೊಂಬೆ ಕಡಿದು, ತುದಿಗೆ ಹಲ್ಲು ಕೆತ್ತಿ, ಉದ್ದನೆಯ ತುರಿಸುವ ಕೋಲು ಮಾಡಿ ಮೊಸಳೆಯ ಬೆನ್ನು ಕೆರೆದಳು. ಮೊಸಳೆ ಕಣ್ಣು ಮುಚ್ಚಿತು. ಬಾಲ ಪಟಪಟ ಬಡಿಯಿತು. "ಆಹಾಹಾ! ಏನು ಸುಖ! ಎಂಥಾ ಕೋಲು!" ಎಂದಿತು. ಅದರ ಬಾಯಿಂದ ಒಂದು ಹಸಿರು ಹಕ್ಕಿ ಹಾರಿತು.

"ಹುಷ್," ಎಂದಳು ಮೋನವ್ವ. ಹಾಳಾದ ಅಭ್ಯಾಸ! "ಅವಸರದಲ್ಲಿ ಮಾಡಿದ್ದು. ಹಲ್ಲುಗಳು ಸಮ ಇಲ್ಲ."

ಹಕ್ಕಿ ತಿರುಗಿ ಬಂತು.

"ಹಿಡಿನೂ ಒರಟಾಗಿದೆ. ಇದೇನು ಮಹಾ..."

ಮೊಸಳೆ ಫಟ್ಟನೆ ಕಣ್ಣು ತೆರೆಯಿತು. "ಏ ಹುಡುಗೀ! ನವೆ ಯಾರದು?"

"ನಿಂದು."

"ಬೆನ್ನು ಯಾರದು?"

"ನಿಂದೇ."

"ಮತ್ತೆ ಸುಖ ಆಯಿತೋ ಇಲ್ಲವೋ ಅಂತ ನನಗೆ ಗೊತ್ತೋ ನಿನಗೆ ಗೊತ್ತೋ? ನನ್ನ ಬೆನ್ನನ್ನೇ ಸುಳ್ಳುಗಾರ ಮಾಡುತ್ತೀಯಲ್ಲ! ಇನ್ನೊಂದು ಮಾತಾಡಿದರೆ ನುಂಗಿಬಿಡುತ್ತೇನೆ."

ಹಕ್ಕಿ ಮೂರನೆಯ ಸಲ ಬಂತು. ಮೋನವ್ವನ ಬಾಯಲ್ಲಿ 'ಆದರೆ' ಎಂಬ ಮಾತು ಕುದಿಯುತ್ತಿತ್ತು. ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಳು, ಇನ್ನೊಂದು ಕೈಯಿಂದ ಸೆರಗು ಒಡ್ಡಿದಳು. ಹಕ್ಕಿ ಕೂತು ಕರಗಿತು. ಕೋಲು ಎದ್ದು ನಿಂತು ತಾನೇ ಮೊಸಳೆಯ ಬೆನ್ನು ತುರಿಸತೊಡಗಿತು. ಮೊಸಳೆ ನಗುತ್ತ ನಗುತ್ತ, ನೀರು ಚಿಮ್ಮಿಸುತ್ತ, ಅವಳನ್ನು ಆಚೆ ದಡಕ್ಕೆ ದಾಟಿಸಿತು.

ಆಚೆ ದಡದಲ್ಲಿ ಬೆಟ್ಟದ ಹಾದಿ ಶುರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ, ನಡುವೆ ಒಬ್ಬರು ನಡೆಯುವಷ್ಟು ಜಾಗ. ಆ ಜಾಗದಲ್ಲಿ ಕಾಲು ಚಾಚಿ ಕೂತಿತ್ತು ಒಂದು ಕರಡಿ. ಬಂಡೆಯ ಸೀಳಿನೊಳಗೆ ಜೇನುಗೂಡು, ಕರಡಿಯ ಪಂಜ ಸೀಳಿಗೆ ಹಿಡಿಸದು. ಪಾಪ, ವಾಸನೆ ಕುಡಿದುಕೊಂಡೇ ಬದುಕಿತ್ತು.

"ಒಂದು ಸೌಟು ಮಾಡಿಕೊಡು, ದಾರಿ ಬಿಡುತ್ತೇನೆ," ಎಂದಿತು.

ಮೋನವ್ವ ಉದ್ದ ಹಿಡಿಯ ಸೌಟು ಕೆತ್ತಿ ಕೊಟ್ಟಳು. ಕರಡಿ ಅದನ್ನು ಸೀಳಿಗೆ ಇಳಿಸಿ ಜೇನು ಎತ್ತಿ ಬಾಯಿಗೆ ಸುರಿದುಕೊಂಡು, "ಚೆನ್ನಾಗಿದೆ. ಕೈಗೆ ಹಿತವಾಗಿದೆ," ಎಂದಿತು. ಜೇನಿನ ಬಣ್ಣದ ಹಕ್ಕಿ ಹಾರಿತು.

ಈ ಸಲ ಮೋನವ್ವ ಹುಷಾರಾಗಿದ್ದಳು. ಕೆಲಸವನ್ನು ಹೀಗಳೆಯುವುದೇ ತಪ್ಪಾದರೆ ಅದರ ತದ್ವಿರುದ್ಧ ಮಾಡಿದರಾಯಿತು ಎಂದುಕೊಂಡು ಎದೆಯುಬ್ಬಿಸಿ, "ಹೌದು ಮತ್ತೆ! ಇಂಥಾ ಸೌಟನ್ನ ಮೂರು ಲೋಕದಲ್ಲೂ ಯಾರೂ ಮಾಡಿಲ್ಲ! ಇದರಲ್ಲಿ ಒಂದು ಕೊರತೆ ಇದ್ದರೆ ತೋರಿಸು!" ಎಂದಳು. ಹೇಳುವಾಗ ಅವಳಿಗೇ ನಂಬಿಕೆಯಿರಲಿಲ್ಲ, ದನಿ ಕೀರಲಾಯಿತು. ಪುಟ್ಟ ಹಕ್ಕಿ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿತು. ಉಬ್ಬಿ ಉಬ್ಬಿ ರೆಕ್ಕೆ ಬಡಿಯಲಾರದೆ ದೊಪ್ಪನೆ ಹಾದಿಯ ಮೇಲೆ ಬಿತ್ತು. ಹಾದಿಯ ಅಂಚು ಬಿರುಕು ಬಿಟ್ಟು ಕಲ್ಲುಗಳು ಪಾತಾಳಕ್ಕೆ ಉರುಳಿದವು. ಮೋನವ್ವ ಕರಡಿಯ ಕೂದಲು ಹಿಡಿದು ಜೋತಾಡಿದಳು.

"ಅಯ್ಯೋ! ಕರಡಿ ಮಾವ, ಬಿಡಬೇಡ!"

"ನಾನು ಹೇಳಿದ್ದು ಕೈಗೆ ಹಿತವಾಗಿದೆ ಅಂತ," ಎಂದಿತು ಕರಡಿ ನಿಧಾನವಾಗಿ. ಅದು ಯಾವುದಕ್ಕೂ ಅವಸರಪಡುವ ಪ್ರಾಣಿಯಲ್ಲ. "ಮೂರು ಲೋಕದ ಸುದ್ದಿ ನಾನೆಲ್ಲಿ ಎತ್ತಿದೆ? ಕೊಟ್ಟಷ್ಟು ತೆಗೆದುಕೊಳ್ಳಲು ಬರುವುದಿಲ್ಲವೇ ನಿನಗೆ?"

ಮೋನವ್ವ ತೂಗಾಡುತ್ತಲೇ, "ಬಾ ಹಕ್ಕೀ. ಮಾವನ ಕೈಗೆ ಹಿತವಾಯ್ತಲ್ಲ, ಅಷ್ಟು ಸಾಕು. ನನಗೆ ಸಂತೋಷ," ಎಂದಳು. ಈ ಸಲ ದನಿ ನೆಟ್ಟಗಿತ್ತು. ಹಕ್ಕಿ ತಟ್ಟನೆ ಹಗುರಾಗಿ ಅವಳ ಸೆರಗಿಗೆ ಬಂತು. ಸೌಟು ತಾನೇ ಸೀಳಿಗಿಳಿದು ಜೇನು ತೆಗೆಯತೊಡಗಿತು. ಕರಡಿ ಅವಳನ್ನು ಎತ್ತಿ ಆಚೆ ಇಳಿಸಿ, ಬಾಯಿಗೊಂದಿಷ್ಟು ಜೇನನ್ನೂ ಹಾಕಿ ಕಳಿಸಿತು.

ಹೊತ್ತು ನೆತ್ತಿ ದಾಟಿತ್ತು. ಮೋನವ್ವ ಏದುಸಿರು ಬಿಡುತ್ತ ಬಲೆರಾಯನ ಅರಮನೆಯ ಹೆಬ್ಬಾಗಿಲು ಮುಟ್ಟಿದಳು. ಅಲ್ಲಿ ಕಾವಲಿಗೆ ಇದ್ದವಳು ಹೆಣ್ಣುಹುಲಿ. ಕಣ್ಣು ಕೆಂಪಗೆ, ಕೋಪದಿಂದಲ್ಲ, ನಿದ್ದೆಗೆಟ್ಟು. ಅವಳ ಮರಿಗಳು ಅವಳ ಕಿವಿ ಕಚ್ಚುತ್ತ, ಬಾಲ ಎಳೆಯುತ್ತ ಗಲಾಟೆ ಮಾಡುತ್ತಿದ್ದವು.

"ಹುಲಿಯಕ್ಕ, ಒಳಗೆ ಬಿಡು. ನನ್ನ ಅಕ್ಕ ಇದ್ದಾಳೆ ಒಳಗೆ."

"ಈ ಮಕ್ಕಳನ್ನು ಮಲಗಿಸು, ಆಮೇಲೆ ಮಾತು," ಎಂದಳು ಹುಲಿ. ಅವಳಿಗೆ ಗರ್ಜಿಸುವ ತ್ರಾಣವೂ ಇರಲಿಲ್ಲ.

ಮೋನವ್ವ ಬಿದಿರಿನ ತುಂಡು ಕೊರೆದು, ಒಳಗೆ ಹರಳು ಹಾಕಿ ಗಿಲಕಿ ಮಾಡಿ ಅಲ್ಲಾಡಿಸಿದಳು. ಗಿಲ್ ಗಿಲ್ ಎಂದಿತು. ಮರಿಗಳು ಆಕಳಿಸಿ ಒಂದರ ಮೇಲೊಂದು ಬಿದ್ದು ಮಲಗಿಬಿಟ್ಟವು. "ಅಬ್ಬಾ, ತಾಯಿ! ನಿನ್ನ ಕೈಯಲ್ಲಿ ಏನೋ ಇದೆ!" ಎಂದಳು ಹುಲಿ. ಪಟ್ಟೆಪಟ್ಟೆಯ ಹಕ್ಕಿ ಹಾರಿತು.

ಹೀಗಳೆಯಬಾರದು, ಜಂಬ ಕೊಚ್ಚಬಾರದು. ಸರಿ, ಎಂದುಕೊಂಡ ಮೋನವ್ವ ಬಲು ವಿನಯದಿಂದ, "ನನ್ನದೇನಿದೆ ಅಕ್ಕಾ? ಬಿದಿರು ಒಳ್ಳೇದು. ಉಳಿ ಚೂಪಾಗಿತ್ತು. ಎಲ್ಲಾ ನಮ್ಮಪ್ಪ ಕಲಿಸಿದ್ದು," ಎಂದಳು. ಹಕ್ಕಿಗೆ ದಿಕ್ಕು ತಪ್ಪಿತು. ಬಿದಿರ ಮೆಳೆಗೆ ಹೋಗಿ ಕೂತಿತು. ಅಲ್ಲಿಂದ ಬಂದು ಉಳಿಯನ್ನು ಕುಕ್ಕಿತು. ಆಮೇಲೆ ತೀರಿಕೊಂಡ ಕಾಳಾಚಾರಿಯನ್ನು ಹುಡುಕಿಕೊಂಡು ಮೇಲೆ ಮೇಲೆ ಹಾರತೊಡಗಿತು. ಮರಿಗಳು ಎಚ್ಚರಗೊಂಡು ಕಿರುಚಿದವು.

"ಕರೆಯೇ ಅದನ್ನ!" ಎಂದು ಹುಲಿ ಹಲ್ಲು ಕಡಿದಳು. "ನಿಮ್ಮಪ್ಪ ಬಂದು ಇದನ್ನು ಕೆತ್ತಿದನೇ? ಉಳಿ ತಾನೇ ನಡೆದಾಡಿತೇ? ಅಪ್ಪನಿಗೆ ಕೊಡುವುದನ್ನು ಅಪ್ಪನಿಗೆ ಕೊಡು, ನಿನ್ನ ಪಾಲಿನದಕ್ಕೆ ಯಾಕೆ ಬೆನ್ನು ತಿರುಗಿಸುತ್ತೀಯ?"

"ಹಕ್ಕೀ! ಬಾ ಇಲ್ಲಿ!" ಎಂದು ಮೋನವ್ವ ಕೂಗಿದಳು. "ಅಪ್ಪ ಕಲಿಸಿದ್ದು ನಿಜ, ಈ ಗಿಲಕಿ ಮಾಡಿದವಳು ನಾನು!"

ಹಕ್ಕಿ ಬಾಣದಂತೆ ಕೆಳಗಿಳಿಯಿತು. ಗಿಲಕಿ ಗಾಳಿಯಲ್ಲಿ ನಿಂತು ತಾನೇ ಗಿಲಗಿಲ ಎಂದಿತು. ಮರಿಗಳು ಮಲಗಿದವು. ಹುಲಿಯೂ ಬಾಗಿಲಿಗೆ ಅಡ್ಡ ಮಲಗಿದವಳು ಆ ಕಡೆಗೆ ಹೊರಳಿ ಗೊರಕೆ ಹೊಡೆದಳು. ದಾರಿ ತೆರೆಯಿತು.

ಒಳಗೆ ವಿಶಾಲವಾದ ಅಂಗಳ. ಒಂದು ಕಡೆ ಮನೆಯಷ್ಟು ದೊಡ್ಡ ಪಂಜರ, ಅದರ ತುಂಬ ಹಕ್ಕಿಗಳು ಬಣ್ಣ ಮಾಸಿ ತೂಕಡಿಸುತ್ತಿದ್ದವು. ಇನ್ನೊಂದು ಕಡೆ ದೇವಕ್ಕ ಏಣಿಯ ಮೇಲೆ ನಿಂತು ಗೋಡೆಗೆ ಸುಣ್ಣ ಬಳಿಯುತ್ತಿದ್ದಳು, ಬಲೆರಾಯನ ಏಳು ತಲೆಮಾರನ್ನು ಬೈಯುತ್ತ ಬಳಿಯುತ್ತಿದ್ದಳು. ನಡುವೆ ಯಾಳಿ. ಯಾಳಿಯ ಮೂತಿಗೆ ಎದುರಾಗಿ ಒಂದು ಕುರ್ಚಿ. ಕುರ್ಚಿಯಲ್ಲಿ ಬಲೆರಾಯ.

"ಮೋನೀ!" ಎಂದು ದೇವಕ್ಕ ಏಣಿಯಿಂದ ದುಮುಕಿದಳು. "ಬಂದೆಯಾ? ಈ ಮುದುಕ ಬೆಳಗಿನಿಂದ ಅದರ ಮುಂದಿನಿಂದ ಎದ್ದಿಲ್ಲ ಕಣೇ! ಊಟಾನೂ ಅಲ್ಲೇ!"

"ಸುಮ್ಮನಿರು!" ಎಂದು ಬಲೆರಾಯ ಎದ್ದು ನಿಂತ. "ಬಾ ಉಳಿಯವಳೇ. ಹೊತ್ತು ಇಳಿಯುತ್ತಿದೆ, ನಾನು ಹೊರಡಬೇಕು. ಅದಕ್ಕೆ ಮೊದಲು ನಿನ್ನ ಕೆಲಸ ನೋಡು. ಎಡಗಿವಿ ದೊಡ್ಡದು. ನಿಜವೋ ಸುಳ್ಳೋ?"

"ನಿಜ."

"ಬಾಲದ ಗಂಟು ಒಂದು ಗೇಣು ಕೆಳಗೆ ಬಂದಿದೆ. ನಿಜವೋ ಸುಳ್ಳೋ?"

"ನಿಜ."

"ತುಟಿ ಸೊಟ್ಟ!"

"ನಿಜ," ಎಂದಳು ಮೋನವ್ವ.

"ಹಾಗಾದರೆ ಈ ಹಕ್ಕಿಗಳೆಲ್ಲ ಸುಳ್ಳು!"

"ಅದು ಹೇಗೆ? ತುಟಿ ಸೊಟ್ಟ ಅನ್ನೋದೂ ನಿಜ. ಜನಕ್ಕೆ ಹಿಡಿಸಿದ್ದೂ ನಿಜ," ಎಂದ ಮೋನವ್ವ ಪಂಜರದ ಕಡೆ ತಿರುಗಿ ಸೆರಗು ಒಡ್ಡಿದಳು. "ಬನ್ನಿ! ನಾನು ತಪ್ಪು ಮಾಡಿದೆ, ಬನ್ನಿ!"

ಹಕ್ಕಿಗಳು ಎಚ್ಚೆತ್ತು ಸರಳಿಗೆ ಬಡಿದುಕೊಂಡವು. ಸರಳು ಅಲುಗಲಿಲ್ಲ. ಒಂದೂ ಹೊರಗೆ ಬರಲಾಗಲಿಲ್ಲ. ಬಲೆರಾಯ ಹೊಟ್ಟೆ ಹಿಡಿದುಕೊಂಡು ನಕ್ಕ.

ಸೂರ್ಯ ಬೆಟ್ಟದ ತುದಿಗೆ ಇಳಿದ. ಕೋಟೆ ಹೋಯಿತು, ಅಕ್ಕ ಹೋದಳು, ಊರು ಹೋಯಿತು. ಮೋನವ್ವನಿಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಯಿತು. ಸಿಟ್ಟೆಲ್ಲ ಹೋಗಿ ಆ ತುಟಿಯ ಮೇಲೆ ನಿಂತಿತು. ಓಡಿಹೋಗಿ ಯಾಳಿಯ ಸೊಂಡಿಲು ಹತ್ತಿ, ಸೊಟ್ಟ ತುದಿಗೆ ಉಳಿ ಇಟ್ಟು ಸುತ್ತಿಗೆ ಎತ್ತಿದಳು.

"ಎಲ್ಲಾ ಅನಾಹುತ ಇದರಿಂದಲೇ! ಇದನ್ನೇ ಕೆತ್ತಿ ಬಿಸಾಕ್ತೀನಿ!"

"ಬೇಡ ಮೋನೀ!" ಎಂದಳು ದೇವಕ್ಕ.

ಅವಳಿಗಿಂತ ಜೋರಾಗಿ ಇನ್ನೊಂದು ದನಿ ಕೂಗಿತು. "ನಿಲ್ಲಿಸು! ಆ ನಗುವನ್ನು ಮುಟ್ಟಬೇಡ! ಎಷ್ಟು ಚೆನ್ನಾಗಿದೆ ಅದು! ಹುಟ್ಟಿದಾಗಿನಿಂದ ನನ್ನನ್ನು ನೋಡಿ ನಕ್ಕಿದ್ದು ಅದೊಂದೇ!"

ಕೂಗಿದವನು ಬಲೆರಾಯ! ಅವನ ಬಾಯಿಂದ ಒಂದು ಹಕ್ಕಿ ಹೊರಬಿತ್ತು. ಇದ್ದಿಲಿನಷ್ಟು ಕಪ್ಪಗೆ, ಮೈಯೆಲ್ಲ ಧೂಳು. ಎಂದೂ ಹಾರಿ ಗೊತ್ತಿಲ್ಲದ ಹಕ್ಕಿ ಕೆಮ್ಮುತ್ತ, ತಡವರಿಸುತ್ತ, ಒಮ್ಮೆ ಕುರ್ಚಿಗೆ ಬಡಿದುಕೊಂಡು, ಮೋನವ್ವನ ಕಡೆಗೆ ಹೊರಟಿತು. ಬಲೆರಾಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕಾಲ ಮೀರಿತ್ತು. ಬಲೆ ಬೀಸಿದ, ಅದು ಅವನ ಕಾಲಿಗೇ ಸುತ್ತಿಕೊಂಡಿತು.

"ಹುಷ್ ಅನ್ನು!" ಎಂದು ಬಿದ್ದಲ್ಲಿಂದಲೇ ಅರಚಿದ. "ಓಡಿಸು ಅದನ್ನು! ಒಂದು ಸಲವಾದರೂ ಬೇಡ ಅನ್ನು! ನಿನಗೆ ಮಾನ ಮರ್ಯಾದೆ ಇಲ್ಲವೇ?"

ಮೋನವ್ವನ ಕೈ ಅಭ್ಯಾಸಬಲದಿಂದ ಮೇಲೆದ್ದೇ ಬಿಟ್ಟಿತು. ತುಟಿ ಸೊಟ್ಟ ಎಂದು ಅವಳಿಗೆ ಗೊತ್ತು. ಇಷ್ಟು ಹತ್ತಿರದಿಂದ ನೋಡಿದರೆ ಇನ್ನೂ ಸೊಟ್ಟ. ಮೆಚ್ಚಿದವನು ಹಗೆ. ಆದರೆ ಹಕ್ಕಿ ಮುಂದೆ ಬಂದು ರೆಕ್ಕೆ ಬಡಿಯುತ್ತ, 'ನನ್ನನ್ನು ನೋಡಿ ನಕ್ಕಿದ್ದು ಅದೊಂದೇ' ಎಂದಾಗ ಅವಳ ಕರುಳು ಚುರುಕ್ ಎಂದಿತು. ಆ ಮಾತು ತುಟಿಯ ಗೆರೆಯದ್ದಲ್ಲ, ಅದನ್ನು ನೋಡಿ ಒಬ್ಬ ಮುದುಕನ ಎದೆಯಲ್ಲಿ ಆದದ್ದರ ಸುದ್ದಿ ಎಂದು ಅವಳಿಗೆ ಹೊಳೆಯಿತು. ಅದು ಸುಳ್ಳು ಎನ್ನಲು ತಾನು ಯಾರು?

ಎತ್ತಿದ ಕೈಯನ್ನು ಇಳಿಸಿ, ಮೊದಲ ಸಲಕ್ಕೇ, ಊರಿನವರು ಕಂಡಿದ್ದರೆ ಮೂಗಿನ ಮೇಲೆ ಬೆರಳಿಡುವಂತೆ, ಸೆರಗು ಒಡ್ಡಿದಳು.

"ಬಾ. ಅದನ್ನು ಮಾಡಿದವಳು ನಾನೇ. ನಿನಗೆ ಹಿಡಿಸಿದ್ದು ಕೇಳಿ ಖುಷಿಯಾಯ್ತು."

ಹಕ್ಕಿ ಬಂದು ಕೂತಿತು. ಕರಗಿತು.

ಯಾಳಿ ಮೈ ಕೊಡವಿತು. ಸೊಂಡಿಲೆತ್ತಿ ಅಂಗಳ ನಡುಗುವಂತೆ ಘೀಳಿಟ್ಟು, ಮೋನವ್ವನನ್ನೂ ದೇವಕ್ಕನನ್ನೂ ಬೆನ್ನಿಗೇರಿಸಿಕೊಂಡಿತು. "ಪಂಜರ!" ಎಂದಳು ಮೋನವ್ವ. ಯಾಳಿ ಒಂದೇ ಏಟಿಗೆ ಪಂಜರವನ್ನು ಪುಡಿಮಾಡಿತು. ಹಕ್ಕಿಗಳು ಜಲಪಾತ ಮೇಲ್ಮುಖವಾಗಿ ಹರಿದಂತೆ ಆಕಾಶಕ್ಕೆ ನುಗ್ಗಿದವು. ಬಲೆರಾಯನ ಬಲೆ ಬರೀ ನೂಲಾಗಿ ಹೋಯಿತು. ಅವನು ಅಂಗಳದ ನಡುವೆ ಕೂತು ಮಗುವಿನಂತೆ ಅತ್ತ.

"ಒಮ್ಮೊಮ್ಮೆ ಬಂದು ನೋಡಬಹುದೇ ಅದನ್ನು?" ಎಂದು ಕೇಳಿದ.

ದೇವಕ್ಕ, "ಸುಣ್ಣದ ಗಡಿಗೆ ತಲೆ ಮೇಲೆ ಸುರೀತೀನಿ!" ಎಂದಳು.

"ಕೋಟೆ ಬಾಗಿಲಿಗೆ ಯಾರು ಬೇಕಾದರೂ ಬರಬಹುದು ಅಜ್ಜ, ಬಲೆ ಮಾತ್ರ ತರಬೇಡ," ಎಂದಳು ಮೋನವ್ವ.

ಅವರು ಸುರಗಿ ಮುಟ್ಟುವ ಹೊತ್ತಿಗೆ ಹಕ್ಕಿಗಳು ಅವರಿಗಿಂತ ಮೊದಲೇ ಬಂದಿದ್ದವು. ಊರಿಗೆ ಊರೇ ಬೀದಿಯ ಮೇಲೆ! ಎಷ್ಟೋ ಹಿಂದೆ ಓಡಿಸಿದ ಹಕ್ಕಿಗಳು ಮನೆಮನೆಯ ಬಾಗಿಲು ತಟ್ಟುತ್ತಿದ್ದವು. ಮುದಿ ನೇಕಾರ್ತಿಯೊಬ್ಬಳು ಹರೆಯದಲ್ಲಿ ನೇಯ್ದ ಸೀರೆಯ ಹೊಗಳಿಕೆಯನ್ನು ಈಗ ಸೆರಗಿಗೆ ಹಾಕಿಸಿಕೊಂಡು ನಾಚಿ ನೀರಾದಳು. ಕುಂಬಾರರ ಹಂಡೆಗಳು ಉರುಳಿಕೊಂಡು ವಾಪಸು ಬಂದವು. ಯಾಳಿಯ ಹಕ್ಕಿಗಳೆಲ್ಲ ಒಟ್ಟಿಗೆ ಮುತ್ತಿಕೊಂಡಾಗ ಮೋನವ್ವ ಸೆರಗು ಸಾಲದೆ ಅಕ್ಕನ ಸೆರಗನ್ನೂ ಎಳೆದುಕೊಂಡಳು. ಭೀಮರಸ ಕೋಟೆಯ ಮೇಲೆ ನಿಂತು ನಗಾರಿ ಬಾರಿಸಲು ಹೇಳಿ, ಬಾರಿಸುವವನ ಕೈ ನಿಧಾನವಾಯಿತೆಂದು ತಾನೇ ಬಾರಿಸಿದ.

ಎಲ್ಲ ಮುಗಿಯಿತು ಎನ್ನುವಾಗ ಇನ್ನೊಂದು ಹಕ್ಕಿ ಬಂತು. ಬಹಳ ಹಳೆಯದು, ಬಲೆರಾಯನ ಬಲೆಗೂ ಸಿಗದೆ ಇಷ್ಟು ವರ್ಷ ಎಲ್ಲೆಲ್ಲೋ ಅಲೆದದ್ದು. ಪುಕ್ಕ ಬೆಳ್ಳಗಾಗಿ ಉದುರಿತ್ತು. ಜನರ ತಲೆಗಳ ಮೇಲೆ ತೂಗುತ್ತ ಬಂದು ಮೋನವ್ವನ ಮುಂದೆ ನಿಂತು, ಕಾಳಾಚಾರಿಯ ದನಿಯಲ್ಲಿ, "ಮಗಾ, ಹದವಾಗಿ ಬಂದಿದೆ ಕಣೇ," ಎಂದಿತು.

ಮೋನವ್ವನಿಗೆ ಆ ಮಾತಿನ ಗುರುತು ಹತ್ತಿತು. ಅವಳು ಚಿಕ್ಕವಳಿದ್ದಾಗ ಮೊಟ್ಟಮೊದಲು ಕೆತ್ತಿದ್ದು ಒಂದು ಕರು. ಅಪ್ಪ ನೋಡಿ ಮೆಚ್ಚಿದ್ದ. 'ಇಲ್ಲಪ್ಪ, ಒಂದು ಕಾಲು ಗಿಡ್ಡ,' ಎಂದು ಅವಳು ಮೂರು ಸಲವೂ ಹಕ್ಕಿಯನ್ನು ಓಡಿಸಿದ್ದಳು. ಮಗಳಿಗೆ ಹೊಗಳಿಕೆ ಹಿಡಿಸದು ಎಂದುಕೊಂಡ ಅಪ್ಪ ಮತ್ತೆಂದೂ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪನಿಗೆ ತನ್ನ ಕೆಲಸ ಹಿಡಿಸದು ಎಂದುಕೊಂಡ ಮಗಳು ಅವನು ಸಾಯುವವರೆಗೂ ಕೇಳಲಿಲ್ಲ.

ಅವಳು ಬೀದಿಯ ನಡುವೆ ಮಂಡಿಯೂರಿ ಸೆರಗನ್ನು ಪೂರ್ತಿ ಹರಡಿದಳು. "ಹೌದಪ್ಪ," ಎಂದಳು ಅಳುತ್ತ. "ನಾನೇ ಮಾಡಿದ್ದು."

ಮುದಿ ಹಕ್ಕಿ ಸೆರಗಿನಲ್ಲಿ ಕೂತು ಕಣ್ಣು ಮುಚ್ಚಿತು.

ಆಗ ಅವರ ಮನೆಯ ಅಟ್ಟದ ಮೇಲೆ ಏನೋ ದಡಬಡ ಸದ್ದಾಯಿತು. ಬಾಗಿಲು ತಳ್ಳಿಕೊಂಡು ಒಂದು ಪುಟ್ಟ ಮರದ ಕರು, ಮೈಯೆಲ್ಲ ಜೇಡರ ಬಲೆ, ಗಿಡ್ಡ ಕಾಲನ್ನು ಎಳೆಯುತ್ತ ಬೀದಿಗೆ ಓಡಿ ಬಂತು. ಕುಂಟುತ್ತ ಕುಂಟುತ್ತಲೇ ನೆಗೆದು ಮೋನವ್ವನ ಮಡಿಲಿಗೆ ಬಿದ್ದು, "ಅಂಬಾ" ಎಂದಿತು.

ಸುರಗಿಯಲ್ಲಿ ಆ ದಿನ ಒಲೆ ಆರಲಿಲ್ಲ, ಹೋಳಿಗೆ ತಟ್ಟಿದ ಕೈ ನಿಲ್ಲಲಿಲ್ಲ, ಎಲೆಗೆ ಅಡ್ಡ ಕೈ ಹಿಡಿದವರು ಒಬ್ಬರೂ ಇರಲಿಲ್ಲ. ಅಕ್ಕ ತಂಗಿಯರು, ಅರಸ, ಕೋಟೆಯ ಬಾಗಿಲ ಯಾಳಿ, ಎಲ್ಲರೂ ತಣ್ಣಗೆ ಬಾಳಿದರು. ಬಲೆರಾಯ ಹೊಳೆಯಲ್ಲಿ ಮೀನು ಹಿಡಿದು ಬದುಕಿದ, ಸಂತೆಯ ದಿನ ಬಂದು ಯಾಳಿಯ ಮುಂದೆ ಕೂತು ಹೋಗುತ್ತಿದ್ದ. ಕರು ಮಾತ್ರ ಮೋನವ್ವ ಹೋದಲ್ಲೆಲ್ಲ ಅವಳ ಹಿಂದೆ ಕುಂಟುತ್ತ ನಡೆಯಿತು, ಕಂಡವರು 'ಎಷ್ಟು ಚೆನ್ನಾಗಿದೆ ಕರು' ಎಂದರೆ ಅವಳು ನಿಂತು, ನಕ್ಕು, ಸೆರಗು ಒಡ್ಡುತ್ತಿದ್ದಳು.